ಮಾಬೂಬಿಯ ಕರಿ ಕೋಳಿಯೂ ಬಾತಿನ ಮರಿಗಳೂ

ಕೇಶ್ವಾಪುರದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿ ಮಾಬೂಬಿಯ ಮನೆ. ಗಂಡ ಯಾಕೂಬಸಾಬ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಆಕೆ ಕೌದಿ ಹೊಲಿಯುತ್ತಿದ್ದಳು. ಆಕೆ ಹೆಚ್ಚು ಮಾತಾಡುತ್ತಿದ್ದದ್ದು ತನ್ನ ಕರಿ ಕೋಳಿಯ ಸಂಗಡ. ಕೋಳಿ ತಿರುಗಿ ಉತ್ತರ ಕೊಡುತ್ತಿತ್ತು, ಗಂಡ ಕೊಡುತ್ತಿರಲಿಲ್ಲ.

ಯುದ್ಧದ ಕಾಲದಲ್ಲಿ ಗದಗಿನಿಂದ ಅಳಿಯ ಅಬ್ದುಲಗನಿ ಬಂದ. ಹೆಂಡತಿಯನ್ನು ಅಲ್ಲೇ ಬಿಟ್ಟು, ಹೊಟ್ಟೆಯನ್ನಷ್ಟೇ ಕರೆದುಕೊಂಡು ಬಂದಿದ್ದ. ಬಂದ ದಿನವೇ ಅವನ ಕಣ್ಣು ಕರಿ ಕೋಳಿಯ ತೊಡೆಯ ಮೇಲೆ ಬಿತ್ತು. ಯಾಕೂಬಸಾಬ ಚಾಕು ಮಸೆಯತೊಡಗಿದ.

“ಅದು ನಿನ್ನೆ ಅಷ್ಟ ಕಾವಿಗೆ ಕೂತೈತ್ರಿ,” ಅಂದಳು ಮಾಬೂಬಿ. ಕಾವಿಗೆ ಕೂತ ಕೋಳಿಯನ್ನು ಆ ಮನೆಯಲ್ಲಿ ಕೊಯ್ಯುತ್ತಿರಲಿಲ್ಲ.

“ಮೂರು ವಾರ ಅಲ್ಲನ್ರಿ ಅತ್ತಿ? ಮರಿ ಆಗ್ಲಿ, ಸಾರು ಉಂಡು ಹೋಗ್ತೀನಿ,” ಅಂದ ಅಳಿಯ.

ಮಾಬೂಬಿ ರೈಲ್ವೆ ಸಾಹೇಬರ ಬಂಗಲೆಯ ಅಡುಗೆಯವನಿಂದ ಬಾತುಕೋಳಿಯ ಮೊಟ್ಟೆ ತಂದು, ಕಾವಿನ ಬುಟ್ಟಿಯಿಂದ ಕೋಳಿಯ ಮೊಟ್ಟೆ ತೆಗೆದು, ಬಾತಿನವನ್ನು ಇಟ್ಟಳು. ಬಾತಿನ ಮೊಟ್ಟೆ ಒಡೆಯಲು ಇನ್ನೊಂದು ವಾರ ಹೆಚ್ಚು ಬೇಕು.

“ಅಷ್ಟರಾಗ ಬ್ಯಾಸತ್ತು ಹೋಗ್ತಾನ ಶಿವಬಸಕ್ಕಾ,” ಅಂದಳು ನನಗೆ.

“ಅಂವಾ ಬ್ಯಾಸರ ಮಾಡ್ಕೊಳ್ಳಾಂವ ಅಲ್ಲವ್ವಾ,” ಅಂದೆ ನಾನು.

ಹಾಗೇ ಆಯಿತು. ಅಳಿಯ ರೊಟ್ಟಿ, ಬದನೆಕಾಯಿ ಉಣ್ಣುತ್ತ ಬುಟ್ಟಿಯ ಪಕ್ಕದಲ್ಲೇ ಬಿದ್ದುಕೊಂಡ. ಕಾವು ಕೊಡುವವನು ತಾನೇ ಅನ್ನುವ ಹಾಗೆ.

ಕಡೆಗೆ ಮರಿಗಳು ಹೊರಬಂದವು. ಕೋಳಿಮರಿ ಚೂಪು ಕೊಕ್ಕಿನಿಂದ ಒಂದೊಂದೇ ಕಾಳು ಆರಿಸುತ್ತದೆ. ಇವು ಸೌಟಿನಂಥ ಬಾಯಿ ಹಾಕಿ ಕೆಸರನ್ನೇ ಸೋಸಿ ನುಂಗಿದವು. ಕೋಳಿಯ ಬೆರಳು ಬಿಡಿಬಿಡಿ. ಇವುಗಳ ಬೆರಳ ನಡುವೆ ಚರ್ಮ ಹೊಲಿದಿತ್ತು. ತಾಯಿ ಮಣ್ಣು ಕೆರೆದು ಕರೆಯಿತು. ಒಂದೂ ತಿರುಗಿ ನೋಡಲಿಲ್ಲ. ನೆಟ್ಟಗೆ ಹೋಗಿ ಬಚ್ಚಲ ನೀರಿನ ಗುಂಡಿಗೆ ಬಿದ್ದು ಈಜತೊಡಗಿದವು. ಕೋಳಿ ಬೈಯುತ್ತ ದಂಡೆಯ ಸುತ್ತ ಓಡಿತು.

ಮರಿಗಳನ್ನು ಸಾಕಲು ತಾಯಿ ಬೇಕು ಅನ್ನುವ ನೆವ ಮಾಬೂಬಿಗೆ ಉಳಿದಿತ್ತು. ಅದೂ ನೀರಿಗೆ ಬಿತ್ತು.

“ನೋಡ್ರಿ ಅತ್ತಿ! ಹುಟ್ಟಿದ ಕೂಡ್ಲೆ ಈಸಾಕತ್ತಾವು, ತಿನ್ನಾಕತ್ತಾವು. ಇವಕ್ಕ ತಾಯಿ ಯಾಕ ಬೇಕು? ಮಾವಾ, ಚಾಕು ತರ್ರಿ!”

ಮಾಬೂಬಿ ಕೋಳಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

“ಖರೇ ಅಂದ್ರಿ ಅಳಿಯಸಾಹೇಬ್ರ. ಕಾಲು ಬಂದ ಮ್ಯಾಲ ಇನ್ನೊಬ್ಬರ ರೆಕ್ಕಿ ಕೆಳಗ ಯಾಕ ಕೂಡಬೇಕು? ನಿಮ್ಮ ಕಾವೂ ಮುಗೀತು. ಗದಗಿನ ಗಾಡಿ ಸಂಜಿಕ್ಕೈತಿ, ಏಳ್ರಿ.”

ಯಾಕೂಬಸಾಬ ಒಮ್ಮೆ ಹೆಂಡತಿಯ ಮುಖ, ಒಮ್ಮೆ ಕೋಳಿಯ ಮುಖ ನೋಡಿದ. ಮಸೆದ ಚಾಕುವಿನಿಂದ ಅಳಿಯನ ಬುತ್ತಿಗೆ ಉಳ್ಳಾಗಡ್ಡಿ ಹೆಚ್ಚಿದ.