ಹಡಗಿನ ಮೇಲೆ ಬರೆದ ಮುಖಗಳು

ಕಾಕಾನ ಬಲಗೈ ಹೆಬ್ಬೆರಳು ಸದಾ ಬೂದುಬಣ್ಣಕ್ಕಿರುತ್ತಿತ್ತು. ಪೆನ್ಸಿಲಿನ ಗೆರೆಯನ್ನು ಆ ಬೆರಳಿನಿಂದಲೇ ಉಜ್ಜಿ ಕೆನ್ನೆಗೆ ನೆರಳು ತರುತ್ತಿದ್ದರು. ಎಷ್ಟು ತೊಳೆದರೂ ಆ ಮಸಿ ಹೋಗುತ್ತಿರಲಿಲ್ಲ. ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಧಾರವಾಡದ ಕಡೆಯವರು, ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲೇ ನೆಲೆ ನಿಂತವರು. ಮೈಸೂರಿನವಳಾದ ನಾನು ಅವರನ್ನು ಕಾಕಾ ಎನ್ನಲು ಕಲಿತದ್ದು ಗದರಿಸಿಕೊಂಡ ಮೇಲೆ. ಅಂಕಲ್ ಅಂದರೆ ಬಾಗಿಲೇ ತೆಗೆಯುವುದಿಲ್ಲ ಎಂದಿದ್ದರು.

ಮುಂಬಯಿಯಿಂದ ಈಜಿಪ್ಟಿಗೆ ಸಿಪಾಯಿಗಳನ್ನು ಒಯ್ದ ಹಡಗಿನಲ್ಲಿ ಅವರೂ ಒಬ್ಬ ಸಿಪಾಯಿ. ವಾಂತಿ, ಸೆಕೆ, ಟಾರ್ಪಿಡೊ ಭಯ. ಅದನ್ನು ಮರೆಯಲು ಸಂಜೆ ಡೆಕ್ಕಿನ ಮೇಲೆ ಹಾಡು, ಸೋಗು, ಕುಣಿತ. ಕಾಕಾ ಸಿಗರೇಟ್ ಡಬ್ಬಿಯ ರಟ್ಟಿನ ಮೇಲೆ ಜೊತೆಗಾರರ ಮುಖ ಬರೆಯುತ್ತಿದ್ದರು. ಶತ್ರುವಿನ ಕೈಗೆ ಸಿಕ್ಕೀತೆಂದು ಯಾವ ಕಾಗದದ ಮೇಲೂ ಸಿಪಾಯಿಯ ಹೆಸರಾಗಲಿ ಪಲ್ಟನ್ನಿನ ಹೆಸರಾಗಲಿ ಇರಕೂಡದೆಂದು ಅಪ್ಪಣೆಯಾಗಿತ್ತಂತೆ. ಐವತ್ತು ವರ್ಷ ಕಳೆದರೂ ಈ ಪುಣ್ಯಾತ್ಮ ಆ ಅಪ್ಪಣೆ ಮೀರಿರಲಿಲ್ಲ. ಇಪ್ಪತ್ತಾರು ಮುಖ, ಒಂದರ ಹಿಂದೆಯೂ ಹೆಸರಿಲ್ಲ. ಹೆಸರೆಲ್ಲ ಅವರ ತಲೆಯೊಳಗೆ.

ಚಹಾ ಕೊಟ್ಟು ಒಂದೊಂದೇ ರಟ್ಟು ಎತ್ತಿ ತೋರಿಸುತ್ತಿದ್ದರು. ಇವನು ಕಂಬಳಿಯನ್ನೇ ಸೀರೆ ಮಾಡಿ ಉಟ್ಟು ಕುಣಿದವನು, ಇವನು ಮಗ್ಗು ಬಡಿದು ತಾಳ ಹಾಕಿದವನು, ಇವನು ಸುಬೇದಾರನ ನಡಿಗೆ ಅಣಕಿಸಿ ಶಿಕ್ಷೆ ಅನುಭವಿಸಿದವನು. ನಗಿಸುತ್ತಾ ನಗಿಸುತ್ತಾ ರಟ್ಟನ್ನು ಮಗುಚಿ ಇಟ್ಟುಬಿಡುತ್ತಿದ್ದರು. ಈಜಿಪ್ಟಿನಿಂದ ಮುಂದೆ ಇಟಲಿಯ ಯುದ್ಧಕ್ಕೆ ಹೋಗಿ ಜೀವಂತ ಮರಳಿದವರು ಅವರಲ್ಲಿ ನಾಲ್ಕೇ ಜನ.

“ನಾ ಬರಿಯಂಗಿಲ್ಲವ್ವಾ, ಆರ್ಡರ್ ಐತಿ. ಹೆಸರು ಹೇಳತೀನಿ, ನೀ ಬರಕೋ,” ಎಂದರು ಒಮ್ಮೆ. ಮುಂದಿನ ಭಾನುವಾರ ಅಂದೆ. ಆಸ್ಪತ್ರೆಯ ಡ್ಯೂಟಿ, ಮಗಳ ಪರೀಕ್ಷೆ, ಕನ್ನಡಿಗರ ಯುಗಾದಿ ಊಟ ಎಂದು ಎರಡು ವರ್ಷ ಅದನ್ನೇ ಅಂದೆ. ಅವರ ಬಿಪಿ ನೋಡುತ್ತಿದ್ದವಳೂ ನಾನೇ. ಡಾಕ್ಟರಂತೆ ಡಾಕ್ಟರು, ನನ್ನ ತಲೆ!

ಪಾರ್ಶ್ವವಾಯು ಹೊಡೆದು ಅವರ ಮಾತು ನಿಂತಿತು, ಬಲಗೈ ಬಿದ್ದುಹೋಯಿತು. ಅದೇ ಚಳಿಗಾಲ, ಹತ್ತಿರದ ಅಕ್ಸ್‌ಬ್ರಿಡ್ಜಿನಲ್ಲಿದ್ದ ತಮ್ಮ ಮಗನ ಮನೆಗೆ ಊರಿನಿಂದ ಬಂದಿದ್ದ ಒಬ್ಬ ಹೆಂಗಸು ಕಾಕಾನ ಸುದ್ದಿ ಕೇಳಿ ಹುಡುಕಿಕೊಂಡು ಬಂದರು. ಆಕೆ ಹುಟ್ಟುವ ಮೊದಲೇ ಆಕೆಯ ತಂದೆ ಯುದ್ಧಕ್ಕೆ ಹೋಗಿ ಸತ್ತವರು, ಕಾಕಾನ ಪಲ್ಟನ್ನೇ. ಮನೆಯಲ್ಲಿ ಒಂದು ಫೋಟೊ ಕೂಡ ಇರಲಿಲ್ಲ. ಹಡಗಿನಲ್ಲಿ ಒಬ್ಬ ನನ್ನ ಮುಖ ಬರೆದಿದ್ದಾನೆ ಎಂದು ತಂದೆ ಬರೆಸಿದ್ದ ಪತ್ರವೊಂದೇ ಆಕೆಯ ಆಸ್ತಿ.

ನಾನು ರಟ್ಟುಗಳನ್ನು ಹಾಸಿಗೆಯ ಮೇಲೆ ಹರಡಿದೆ. ಆಕೆ ತಂದೆಯ ಹೆಸರು ಹೇಳಿದರು. ಕಾಕಾ ಎಡಗೈಯನ್ನು ಒಂದರ ಮೇಲಿಟ್ಟರು.

“ಇವರ ಏನ್ರೀ ನಮ್ಮಪ್ಪ?” ಎಂದು ಆಕೆ ಅದನ್ನೆತ್ತಿ ಕಣ್ಣಿಗೊತ್ತಿಕೊಂಡರು.

ಅಷ್ಟರಲ್ಲಿ ಆ ಎಡಗೈ ಇನ್ನೊಂದಕ್ಕೆ ಹೋಯಿತು, ಮತ್ತೊಂದಕ್ಕೆ ಹೋಯಿತು. ಕಾಕಾ ನನ್ನನ್ನೇ ನೋಡುತ್ತಾ ಅಲ್ಲ ಅಲ್ಲ ಎನ್ನುವಂತೆ ತಲೆಯಾಡಿಸಿ ಅತ್ತರು. ಆಕೆಯ ಕಣ್ಣು ಮುಚ್ಚಿತ್ತು. ನಾನು ನೋಡಿದೆ, ಬಾಯಿ ಬಿಡಲಿಲ್ಲ.

ಮೂರು ವಾರಕ್ಕೆ ಕಾಕಾ ಹೋದರು. ಒಂದು ಗಂಟೆ ಕೂತು ಕೇಳಿದ್ದರೆ ಸಾಕಿತ್ತು.

ಮರುವರ್ಷ ಆಕೆ ಊರಿನಿಂದ ಒಂದು ಫೋಟೊ ಕಳಿಸಿದರು. ದೇವರ ಕೋಣೆಯ ಗೋಡೆಯಲ್ಲಿ ಕಟ್ಟು ಹಾಕಿಸಿದ ಆ ರಟ್ಟು, ಅದಕ್ಕೆ ಗಂಧದ ಹಾರ. ಈ ಸಲ ಅಪ್ಪನ ಶ್ರಾದ್ಧವನ್ನು ಮುಖ ನೋಡಿ ಮಾಡಿದೆವು ಎಂದು ಬರೆದಿದ್ದರು. ತುಂಬ ಒಳ್ಳೆಯದಾಯಿತು ಎಂದು ನಾನು ಉತ್ತರ ಬರೆದೆ.