ಕೋಟೆಗೆ ಬಲ, ಡ್ರ್ಯಾಗನ್ನಿಗೆ ಎಡ

ಭಾವ ಗಲ್ಫಿನಿಂದ ಕಳಿಸಿದ ವಾಯ್ಸ್ ಮೆಸೇಜಿನಲ್ಲಿ ತಕರಾರಿಗೆ ಎಡೆಯೇ ಇರಲಿಲ್ಲ. “ನಂಗೆ ರಜೆ ಸಿಕ್ಕೂದು ಒಂದೇ ದಿನ. ಸಿನಿಮಾ ಪಾರ್ಕು ಎರಡದೆ, ಊರಿನ ಆ ತುದಿಗೊಂದು, ಈ ತುದಿಗೊಂದು. ಎರಡೂ ಒಂದೇ ದಿನ ಆಗೂದಿಲ್ಲ. ಅಕ್ಕ ತಂಗಿ ಕೂತು ಮಾತಾಡಿ ಒಂದು ಹೇಳಿ. ಮಂಗಳವಾರ ಟಿಕೆಟ್ ಮಾಡ್ತೆ.”

ಕೂತು ಮಾತಾಡಿ ಎಂದದ್ದೇ ತಪ್ಪಾಯಿತು. ನಮ್ಮ ಮನೆಯಲ್ಲಿ ನಾನಿರುವಾಗ ಯಾರೂ ಕೂತು ಮಾತಾಡಿದ್ದಿಲ್ಲ. ನಾನು ನಿಂತು ಮಾತಾಡುತ್ತೇನೆ, ಉಳಿದವರು ಕೂತಿರುತ್ತಾರೆ.

ನಾನಾಗ ಕುಮಟಾದಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಕಾಲೇಜಿನ ಚರ್ಚಾ ತಂಡದಲ್ಲಿ ಕಲಿತದ್ದನ್ನು ಶನಿವಾರ ಬಸ್ಸು ಹತ್ತಿ ಹೊನ್ನಾವರಕ್ಕೆ ತಂದು, ಅಲ್ಲಿಂದ ಮಾವಿನಕುರ್ವೆಯ ಮನೆಗೆ ಹೊತ್ತು ತರುತ್ತಿದ್ದೆ. ಎದುರಾಳಿಯ ಮಾತನ್ನು ಅವನಿಗಿಂತ ಚೆಂದವಾಗಿ ಹೇಳಿ ಆಮೇಲೆ ಮುರಿಯುವುದು, ‘ಹಾಗಾದರೆ’ ಎಂದು ಶುರು ಮಾಡಿ ಅವನನ್ನು ಅವನದೇ ಮಾತಿನ ತುದಿಗೆ ಕೊಂಡೊಯ್ದು ತಳ್ಳುವುದು, ಇವೆಲ್ಲ ನನಗೆ ಚೆನ್ನಾಗಿ ಬರುತ್ತಿದ್ದವು. ಪ್ರಸಾದ ಕೇಳುವಾಗ ದೇವರ ಮೈಮೇಲಿನ ಹೂವು ಬೀಳುವುದು ನೀರು ಆರುವುದರಿಂದ, ದೇವರಿಂದಲ್ಲ ಎಂದು ನಾನು ಸಾಧಿಸಿ ತೋರಿಸಿದ ಮೇಲೆ ನಮ್ಮ ಕೇರಿಯ ಹೆಂಗಸರು ನನ್ನೆದುರು ತಮ್ಮ ಕನಸುಗಳನ್ನು ಹೇಳುವುದನ್ನೂ ಬಿಟ್ಟಿದ್ದರು. ಅದನ್ನು ನಾನು ಗೆಲುವು ಎಂದುಕೊಂಡಿದ್ದೆ.

ಅಕ್ಕ ಭಟ್ಕಳದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಊರಂಚಿನ ಜಾಲಿಯಲ್ಲಿ ಒಂದು ಬಾಡಿಗೆ ಕೋಣೆ. ಗಿರಾಕಿಗಳ ಜೊತೆ ಅವರ ನವಾಯತಿ ಮಾತು, ನಮ್ಮ ಜೊತೆ ಕನ್ನಡ, ಭಾವನ ಜೊತೆ ಫೋನಿನಲ್ಲಿ ಪಿಸುಮಾತು. ಮದುವೆಯಾದಾಗಿನಿಂದ ಅವನು ಅಲ್ಲಿ, ಇವಳು ಇಲ್ಲಿ. ಆ ವರ್ಷ ಅವನ ಕೆಲಸದ ಕರಾರು ಮುಗಿದು ಊರಿಗೇ ಬರುವವನಿದ್ದ. ಬರುವ ಮೊದಲು ಒಂದು ಸಲ ಹೆಂಡತಿಗೆ ಆ ದೇಶ ತೋರಿಸಬೇಕೆಂದು ಅವಳನ್ನು ಕರೆದ. ಒಬ್ಬಳೇ ವಿಮಾನ ಹತ್ತಲು ಅವಳಿಗೆ ಧೈರ್ಯವಿಲ್ಲ, ಜೊತೆಗೆ ನಾನು. ಅಲ್ಲಿಗೆ ಇನ್ನೊಮ್ಮೆ ಹೋಗುವ ಮಾತೇ ಇರಲಿಲ್ಲ. ಎರಡರಲ್ಲಿ ಬಿಟ್ಟದ್ದು ಬಿಟ್ಟ ಹಾಗೆಯೇ.

ಅಕ್ಕನಿಗೆ ಬೇಕಿದ್ದದ್ದು ಮಾಂತ್ರಿಕರ ಕೋಟೆ. ಆ ಸಿನಿಮಾಗಳನ್ನು ಅವಳ ಕೋಣೆಯಲ್ಲಿ, ಒಂದೇ ಇಯರ್‌ಫೋನಿನ ಒಂದೊಂದು ತುದಿ ಕಿವಿಗಿಟ್ಟುಕೊಂಡು, ಹಿಂದಿ ಡಬ್ಬಿಂಗಿನಲ್ಲಿ ನಾವು ನೋಡಿದ್ದೆವು. ಅದರಲ್ಲಿ ಒಂದು ಕಡೆ, ಯಾರಿಗೂ ಬೇಡದ ಹುಡುಗಿ ಕೋಟೆಯ ದೊಡ್ಡ ಊಟದ ಹಾಲ್‌ನ ಬಾಗಿಲಲ್ಲಿ ನಿಂತಿರುವಾಗ, ಉದ್ದದ ಮೇಜಿನಲ್ಲಿ ಉಣ್ಣುತ್ತಿದ್ದವರೆಲ್ಲ ಒಬ್ಬರಿಗೊಬ್ಬರು ಒತ್ತಿಕೊಂಡು ಅವಳಿಗೆ ಜಾಗ ಮಾಡುತ್ತಾರೆ. ಅಕ್ಕ ಅದನ್ನು ಹಿಂದೆ ಎಳೆದೆಳೆದು ನೋಡುತ್ತಿದ್ದಳು. ಆ ಹಾಲ್ ಅನ್ನು ಪಾರ್ಕಿನಲ್ಲಿ ಹಾಗೆಯೇ ಕಟ್ಟಿದ್ದಾರೆಂದು ಅಂಗಡಿಯ ಮಾಲಕರ ಮನೆಯವರು ಹೇಳಿದ್ದರಂತೆ.

ನನಗೆ ಬೇಕಿದ್ದದ್ದು ಡ್ರ್ಯಾಗನ್ ಕಣಿವೆ. ಅದು ಬೇರೆ ಸಿನಿಮಾ. ಸರಪಳಿ ಕಟ್ಟಿದ ಮುದಿ ಡ್ರ್ಯಾಗನ್ ಒಂದು ಕೊನೆಯ ಸಲ ಹಾರುವ ಕಥೆ. ಹಾಸ್ಟೆಲಿನಲ್ಲಿ ಚಾದರ ಹೊದ್ದುಕೊಂಡು ನೋಡಿ ಮೂಗು ಕೆಂಪಾಗುವವರೆಗೆ ಅತ್ತಿದ್ದೆ. ಭೂತ, ದೈವ, ಶಕುನ ಯಾವುದನ್ನೂ ನಂಬದವಳು ರೆಕ್ಕೆಯ ಹಾವಿಗೆ ಅತ್ತಳು ಎಂದು ಗೊತ್ತಾದರೆ ತಂಡದವರು ಬಿಡುತ್ತಿದ್ದರೇ? ಹಾಗಾಗಿ ಮನೆಯಲ್ಲಿ ನಾನು ಬೇರೆಯೇ ಕಾರಣ ಹೇಳಿದೆ.

ಭಾನುವಾರ ಅಕ್ಕನೂ ಬಂದಿದ್ದಳು. ಅಮ್ಮ ಹಿತ್ತಿಲ ಕಟ್ಟೆಯಲ್ಲಿ ಕೂತು ಹೊಳೆಯಿಂದ ತಂದ ಬಳಚಿನ ಚಿಪ್ಪು ಬಿಡಿಸುತ್ತಿದ್ದಳು.

“ನನ್ನ ಆಸಕ್ತಿ ಡ್ರ್ಯಾಗನ್ ಅಲ್ಲ, ಅದ್ರ ಯಂತ್ರ” ಎಂದೆ ನಾನು. “ಅಷ್ಟು ದೊಡ್ಡ ಕಬ್ಬಿಣದ ತೋಳು ನಮ್ಮನ್ನ ಎತ್ತಿ ಹಾರಿಸ್ತದೆ ಅಂದ್ರೆ ಅದು ಇಂಜಿನಿಯರಿಂಗು. ನಿನ್ನ ಕೋಟೆ ಎಂತದು? ಪ್ಲಾಸ್ಟರಿನ ಗೋಡೆ. ಒಳಗೆ ಮಂತ್ರದ ಕೋಲು ಮಾರುವ ಅಂಗಡಿ. ಬಟ್ಟೆ ಅಂಗಡಿಯಿಂದ ರಜೆ ಹಾಕಿ ಹೋಗಿ ಇನ್ನೊಂದು ಅಂಗಡಿ ನೋಡ್ತ್ಯಾ?”

“ನಂಗೆ ಆ ಹಾಲ್‌ನಲ್ಲಿ ಒಂದ್ಸಲ ನಿಲ್ಲೂಕೆ ಆಸೆ ಮಾರಾಯ್ತಿ.”

“ಆಸೆ ವಾದ ಅಲ್ಲ.”

“ವಾದ ಅಲ್ಲದೆ ಇದ್ರೆ ಆಸೆ ಇರೂಕಾಗ್ದಾ?”

“ಇರ್ಲಿ. ಆದ್ರೆ ನನ್ನದೂ ಆಸೆಯೇ ಅಂದ್ರೆ ಎರಡೂ ಸಮ ಆತಲ್ಲ. ಆಮೇಲೆ ಉಳಿಯೂದು ಕಾರಣ. ನನ್ನ ಹತ್ರ ಕಾರಣ ಅದೆ. ನಿನ್ನ ಹತ್ರ?”

ಅಕ್ಕ ಅಮ್ಮನ ಬುಟ್ಟಿಯಿಂದ ಒಂದು ಬಳಚು ತೆಗೆದು ಸುಮ್ಮನೆ ತಿರುಗಿಸುತ್ತ ಕೂತಳು. ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಅಲ್ಲಿಗೆ ಗಂಟೆ ಬಾರಿಸುತ್ತಿದ್ದರು. ಅಮ್ಮ ಮಾತ್ರ ನನ್ನತ್ತ ನೋಡದೆ, “ಅವಳು ಗಂಡನ್ನ ನೋಡೂಕೆ ಹೋಗೂದು. ನೀನು ಅವಳ ಸಂಗಡ ಹೋಗೂದು. ಗೊತ್ತದ್ಯಾ ನಿಂಗೆ?” ಎಂದಳು.

ತೀರ್ಪುಗಾರರು ವಿಷಯ ಬಿಟ್ಟು ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. “ಹಾಗಾದ್ರೆ ಹೀಂಗ್ ಮಾಡಿ” ಎಂದೆ. “ಕಾರಣ ಬೇಡ, ತಲೆ ಬೇಡ. ದೇವಿ ಹತ್ರ ಹೋಗಿ ಹೂವಿನ ಪ್ರಸಾದ ಕೇಳಿ. ಬಲಕ್ಕೆ ಬಿದ್ರೆ ಕೋಟೆ, ಎಡಕ್ಕೆ ಬಿದ್ರೆ ಡ್ರ್ಯಾಗನ್!”

ನಾನಂದದ್ದು ಅಣಕಕ್ಕೆ. ನಿಮ್ಮ ದಾರಿ ಎಷ್ಟು ಹಾಸ್ಯಾಸ್ಪದ ಎಂದು ತೋರಿಸಲಿಕ್ಕೆ. ಆದರೆ ನಮ್ಮ ಮನೆಯಲ್ಲಿ ದೋಣಿಯ ಇಂಜಿನ್ನು, ಬಾವಿಯ ಜಾಗ, ಅಕ್ಕನಿಗೆ ಬಂದ ಸಂಬಂಧ ಎಲ್ಲವೂ ಆ ಹೂವಿನಿಂದಲೇ ಇತ್ಯರ್ಥವಾದದ್ದು. ಅಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು.

“ಆತು. ಮಂಗಳವಾರ ಹೋಗ್ವ. ನಿನ್ನ ಬಾಯಲ್ಲೇ ಬಂತಲ್ಲ.”

“ಅಮ್ಮಾ, ನಾನು ಹಾಸ್ಯಕ್ಕೆ…”

“ದೇವಿ ಹೆಸ್ರು ಹೇಳಿ ಹಾಸ್ಯವಾ?”

ಅಕ್ಕ ಮೊದಲ ಬಾರಿಗೆ ತಲೆಯೆತ್ತಿದಳು. ಅವಳ ಮುಖದಲ್ಲಿ ಒಂದು ಬಿಡುಗಡೆ ಕಂಡಿತು. ನನಗೆ ಅದರ ಅರ್ಥ ಆಗ ಆಗಲಿಲ್ಲ.

ದೇವಿಯ ಗುಡಿ ಹೊನ್ನಾವರ ದಾಟಿ ಕುಮಟಾದ ದಾರಿಯಲ್ಲಿದೆ. ಮಂಗಳವಾರ ಬೆಳಿಗ್ಗೆ ಅಮ್ಮ, ಅಕ್ಕ ಅತ್ತಲಿಂದ ಬಂದರು. ನಾನು ಕಾಲೇಜು ತಪ್ಪಿಸಿ ಇತ್ತಲಿಂದ ಹೋದೆ. ಯಾರಾದರೂ ಸಹಪಾಠಿಗಳು ಕಂಡರೆ ಅಧ್ಯಯನಕ್ಕೆ ಬಂದೆ ಎನ್ನುವುದೆಂದು ಬಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದೆ.

ಪ್ರಸಾದ ಕೇಳುವವರ ಸಾಲು ಬೇರೆ. ಭಟ್ಟರು ಕೆಂಪು ಕೇಪಳದ ಹೂಗಳನ್ನು ನೀರಿನಲ್ಲಿ ಅದ್ದಿ ದೇವಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳುವವರು ತಮ್ಮ ವಿಷಯವನ್ನು ಬಾಯಿ ಬಿಟ್ಟು ಹೇಳಬೇಕು. ಭಟ್ಟರು ಅದನ್ನೇ ದೊಡ್ಡ ದನಿಯಲ್ಲಿ ದೇವಿಗೆ ಅರಿಕೆ ಮಾಡುತ್ತಾರೆ. ಹೂವು ಬಲಕ್ಕೆ ಬಿದ್ದರೆ ಒಂದು, ಎಡಕ್ಕೆ ಬಿದ್ದರೆ ಇನ್ನೊಂದು. ಗುಡಿಯಲ್ಲಿ ನಿಂತವರೆಲ್ಲರಿಗೂ ಎಲ್ಲರ ಸಂಗತಿ ಕೇಳುತ್ತದೆ. ಹೂವು ಏಕೆ ಬೀಳುತ್ತದೆಂದು ಅಷ್ಟು ವಾದಿಸಿದ್ದ ನನಗೆ ಈ ಒಂದು ಅಂಶ ನೆನಪೇ ಆಗಿರಲಿಲ್ಲ.

ನಮ್ಮ ಹಿಂದೆ ಸಂತೆಗುಳಿ ಕಡೆಯ ಒಬ್ಬ ಹೆಂಗಸು ನಿಂತಿದ್ದರು. ಕೈಯಲ್ಲಿ ಆಸ್ಪತ್ರೆಯ ಎಕ್ಸ್‌ರೇ ಲಕೋಟೆ. ಗಂಡನಿಗೆ ಆಪರೇಷನ್ ಮಾಡಿಸುವುದೋ ಬೇಡವೋ ಎಂದು ಡಾಕ್ಟರೇ ಮನೆಯವರಿಗೆ ಬಿಟ್ಟಿದ್ದಾರೆಂದು ಅಮ್ಮನಿಗೆ ಹೇಳಿದರು. ಅಮ್ಮನ ಮುಖ ಇಳಿಯಿತು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

“ನೀವು ಮುಂದೆ ಬನ್ನಿ. ನಮ್ದು ತಡ ಆದ್ರೂ ಅಡ್ಡಿಲ್ಲೆ.”

“ಬ್ಯಾಡದೇ. ನಿಂಗಕ್ಕಿಗೂ ಎಂತೋ ಕಷ್ಟ ಇದ್ದೇ ಬಂದಿದ್ದು. ಮೊದ್ಲು ನಿಂಗ ಕೇಳಿ” ಎಂದು ಅವರು ನಮ್ಮನ್ನೇ ಮುಂದೆ ಬಿಟ್ಟರು.

ನಾನು ಅಮ್ಮನ ಕಿವಿಯಲ್ಲಿ, “ವಾಪಸ್ ಹೋಗ್ವ” ಎಂದೆ. ಅಷ್ಟರಲ್ಲಿ ಭಟ್ಟರು ನಮ್ಮನ್ನು ಕರೆದಾಗಿತ್ತು. ಅಕ್ಕ ಬಾಯಿ ತೆರೆದು ಮುಚ್ಚಿದಳು. ಅಮ್ಮ, “ವಿದೇಶದಲ್ಲಿ… ಅದೆಂತದೋ…” ಎಂದು ತಡವರಿಸಿ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು. “ಇವಳು ಹೇಳ್ತಾಳೆ. ಇವಳು ಮಾತಲ್ಲಿ ಹುಷಾರಿ.”

ಸಭೆಯ ಮುಂದೆ ನನ್ನ ನಾಲಿಗೆ ತಡವರಿಸಿದ್ದು ಅದೊಂದೇ ಸಲ.

“ಅಕ್ಕ ನಾನು ಹೊರದೇಶಕ್ಕೆ ಹೋಗ್ತಿದ್ದೇವೆ ಭಟ್ರೆ. ಅಲ್ಲಿ ಒಂದು ಕೋಟೆ ಅದೆ. ಒಂದು ಕಣಿವೆ ಅದೆ. ಯಾವುದಕ್ಕೆ ಹೋಗೂದು ಅಂತ.”

“ಕೋಟೆ ಅಂದ್ರೆ? ಜಾಗದ ವ್ಯಾಜ್ಯವಾ?”

“ಅಲ್ಲ. ಸಿನಿಮಾದ ಕೋಟೆ. ಮಂತ್ರವಾದಿಗಳು ಇರೂದು.”

ಭಟ್ಟರ ಕೈ ನಿಂತಿತು. “ಯಾರಾದ್ರೂ ಮಾಟ ಮಾಡಿಸಿದ್ದಾರಾ ತಂಗಿ? ಹೆದ್ರಬೇಡ, ಸರಿಯಾಗಿ ಹೇಳು.”

“ಅಯ್ಯೋ ಇಲ್ಲ ಭಟ್ರೆ. ಅದು ಪಾರ್ಕು. ಆಟದ ಜಾಗ. ಇನ್ನೊಂದ್ರಲ್ಲಿ ಡ್ರ್ಯಾಗನ್.”

“ಅದೆಂತದು?”

“ಹಾವಿನ ಹಾಗೆ. ರೆಕ್ಕೆ ಇರ್ತದೆ. ಬೆಂಕಿ ಉಗುಳ್ತದೆ.” ಸ್ವಲ್ಪ ತಡೆದು, “ನಿಜದ್ದಲ್ಲ” ಎಂದೂ ಸೇರಿಸಿದೆ.

ಯಾರಾದರೂ ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಗುವವರನ್ನು ಎದುರಿಸುವುದು ನನಗೆ ಗೊತ್ತಿತ್ತು. ಯಾರೂ ನಗಲಿಲ್ಲ. ಭಟ್ಟರು ನಮ್ಮ ಪ್ರಶ್ನೆಯನ್ನು, ಉಳಿದವರ ಪ್ರಶ್ನೆಗಳನ್ನು ಹೇಳಿದಷ್ಟೇ ಗಂಭೀರವಾಗಿ, ಕೈಮುಗಿದು ದೇವಿಗೆ ಹೇಳಿದರು. “ತಾಯೀ, ನಿನ್ನ ಮಕ್ಕಳು ಸಮುದ್ರ ದಾಟಿ ಹೋಗ್ತಿದ್ದಾರೆ. ಮಂತ್ರವಾದಿಗಳ ಕೋಟೆಗೆ ಹೋಗೂದಾದ್ರೆ ಬಲ ಕೊಡು. ರೆಕ್ಕೆ ಇದ್ದ ಸರ್ಪದ ಕಣಿವೆಗಾದ್ರೆ ಎಡ ಕೊಡು. ಯಾವ ತೊಂದರೆಯೂ ಬಾರದ ಹಾಗೆ ನೋಡಿಕೋ.” ಹಿಂದಿನಿಂದ ಆ ಹೆಂಗಸು ಮೆಲ್ಲಗೆ, “ದೂರ ದೇಶ ಅಲ್ದಾ, ಕೇಳೂದೇ ಒಳ್ಳೇದು” ಎಂದು ಅಮ್ಮನಿಗೆ ಸಮಾಧಾನ ಹೇಳುತ್ತಿದ್ದರು. ಎಕ್ಸ್‌ರೇ ಲಕೋಟೆ ನನ್ನ ಮೊಣಕೈಗೆ ತಾಗುತ್ತಿತ್ತು.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಹೂವು ಬೀಳಲು ತಡವಾಯಿತು. ನಾನು ದೇವಿಯ ಎಡಭುಜವನ್ನೇ ನೋಡುತ್ತಿದ್ದೆ. ಬೀಳು, ಬೀಳು ಎಂದು ಒಳಗೊಳಗೇ ಹೇಳುತ್ತಿದ್ದೆ. ಬೀಳು ಎಂದದ್ದು ಬೀಳಿಸು ಆಯಿತು. ಬೀಳಿಸು ಎಂದದ್ದಕ್ಕೆ ತಾಯೀ ಸೇರಿಕೊಂಡಿತು. ನನ್ನ ತುಟಿ ಅಲುಗುತ್ತಿರುವುದು ಗೊತ್ತಾಗಿ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡೆ. ಪಕ್ಕದಲ್ಲಿ ಅಕ್ಕ ಕಣ್ಣು ಮುಚ್ಚಿ ನಿಂತಿದ್ದಳು.

ಎಡಕ್ಕೆ ಬಿತ್ತು.

ಅಕ್ಕ ಭಟ್ಟರ ಕೈಯಿಂದ ಹೂವು ತೆಗೆದುಕೊಂಡು ಕಣ್ಣಿಗೊತ್ತಿ ಮುಡಿಗೆ ಸಿಕ್ಕಿಸಿಕೊಂಡಳು. ಆ ಹೆಂಗಸು ಲಕೋಟೆ ಎದೆಗೊತ್ತಿ ಮುಂದೆ ಬಂದರು. ಅವರಿಗೆ ಯಾವ ಕಡೆ ಬಿತ್ತೋ ನಾನು ನೋಡಲಿಲ್ಲ. ನಿಂತು ನೋಡುವ ಮುಖ ನನಗಿರಲಿಲ್ಲ. ಚಪ್ಪಲಿ ಬಿಟ್ಟಲ್ಲಿಗೆ ಓಡಿದೆ.

ಬಸ್ ಸ್ಟಾಪಿನಲ್ಲಿ ಅಮ್ಮ ಹಣ್ಣಿನ ಅಂಗಡಿಗೆ ಹೋದಾಗ ನಾನು ವಾದ ಶುರು ಮಾಡಿದೆ. ಈ ಸಲ ಕೋಟೆಯ ಪರವಾಗಿ, ಮತ್ತು ಜೀವನದಲ್ಲಿ ಅಷ್ಟು ಪ್ರಾಮಾಣಿಕವಾಗಿ ನಾನು ವಾದಿಸಿದ್ದಿಲ್ಲ. ಎಡಗಡೆಯ ಹೂವಿಗೆ ನೀರು ಕಮ್ಮಿ ಇತ್ತು, ನಾನು ಕಣ್ಣಾರೆ ನೋಡಿದೆ. ಆ ಭುಜ ಇಳಿಜಾರು. ಇದಕ್ಕೆಲ್ಲ ನಾವು ಕಟ್ಟುಬೀಳಬೇಕಾಗಿಲ್ಲ. ಭಾವನಿಗೆ ಕೋಟೆ ಎಂದೇ ಹೇಳು.

“ಎಡಕ್ಕೆ ಬಿದ್ದದ್ದು ನಿಂಗೆ ಬೇಕಾದ್ದೇ ಅಲ್ದನೆ?” ಎಂದಳು ಅಕ್ಕ.

“ಹೌದು. ಆದ್ರೆ…”

“ಆದ್ರೆ ಎಂತ? ನಾನು ಸೋತದ್ದು ದೇವಿ ಹತ್ರ. ನಿನ್ನ ಹತ್ರ ಅಲ್ಲ. ಅದ್ನ ಹಾಂಗೇ ಇರೂಕೆ ಬಿಡು. ಮತ್ತೆ ನೀನು ಗೆಲ್ಬೇಡ.”

ಭಾನುವಾರ ಅವಳ ಮುಖದಲ್ಲಿ ಕಂಡ ಬಿಡುಗಡೆ ಏನೆಂದು ಆಗ ತಿಳಿಯಿತು. ನನ್ನ ಕೈಯಿಂದ ತಪ್ಪಿಸಿಕೊಂಡು ಬೇರೆ ಯಾರ ಮುಂದಾದರೂ ಸೋಲುವ ಅವಕಾಶ ಅವಳಿಗೆ ಸಿಕ್ಕಿತ್ತು. ಈಗ ದಾನವಾಗಿ ಕೋಟೆ ಕೊಡಲು ಹೊರಟು ಅದನ್ನೂ ನಾನು ಕಿತ್ತುಕೊಳ್ಳುತ್ತಿದ್ದೆ.

ಅವಳು ಅಲ್ಲಿಂದಲೇ ಭಾವನಿಗೆ ಫೋನು ಮಾಡಿದಳು. “ಡ್ರ್ಯಾಗನ್ ಮಾಡಿ. ಹೂಂ, ಇಬ್ರಿಗೂ ಒಪ್ಪಿಗೆ.” ಫೋನು ಇಟ್ಟು ನನ್ನ ಪಕ್ಕ ಕಲ್ಲಿನ ಮೇಲೆ ಕೂತಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, “ಈಗ ಹೇಳು. ಎಂತೆಂತ ಅದೆ ಅಲ್ಲಿ? ಯಂತ್ರದ ಸುದ್ದಿ ಬೇಡ, ನಂಗೆ ತಿಳೂದಿಲ್ಲ” ಎಂದಳು.

ಯಂತ್ರದ ಸುದ್ದಿ ನನಗೂ ತಿಳಿದಿರಲಿಲ್ಲ. ನಾನು ಮುದಿ ಡ್ರ್ಯಾಗನ್ನಿನ ಕಥೆ ಹೇಳಿದೆ. ಸರಪಳಿ ಬಿಚ್ಚಿದ ಮೇಲೂ ಅದು ಹಾರಲು ಹೆದರುವುದು, ರೆಕ್ಕೆ ಬಿಡಿಸಿದಾಗ ಅದರಲ್ಲಿ ತೂತುಗಳಿರುವುದು. ಹಾಸ್ಟೆಲಿನಲ್ಲಿ ಚಾದರದೊಳಗೆ ಅತ್ತದ್ದನ್ನೂ ಹೇಳಿಬಿಟ್ಟೆ. ಹೇಳುವಾಗ ಅವಳ ಮುಖ ನೋಡಲಾಗದೆ ರಸ್ತೆಯಾಚೆಯ ಟೈರಿನ ಅಂಗಡಿ ನೋಡುತ್ತಿದ್ದೆ.

ಅಕ್ಕ ಮುಡಿಯ ಹೂವನ್ನು ಮುಟ್ಟಿ ನೋಡಿಕೊಂಡಳು.

“ಇದ್ನ ಭಾನುವಾರವೇ ಹೇಳೂಕೆ ಎಂತ ಆಗಿತ್ತೆ ನಿಂಗೆ? ನಾನೇ ಬಿಟ್ಟು ಕೊಡ್ತಿದ್ದೆ.”

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಮೂರು ಉತ್ತರಗಳಿದ್ದವು, ಒಳ್ಳೆಯವೇ, ಆದರೆ ಅವು ಮತ್ತೆ ಗೆಲ್ಲುವ ಉತ್ತರಗಳು. ಹೊನ್ನಾವರದ ಮೇಲೆ ಹೋಗುವ ಭಟ್ಕಳದ ಬಸ್ಸು ಬಂತು. ಅಮ್ಮ ಬಾಳೆಹಣ್ಣಿನ ಚಿಪ್ಪು ಹಿಡಿದು ಓಡಿ ಬಂದಳು, ಅಕ್ಕ ಅವಳಿಗೆ ಕೈಕೊಟ್ಟು ಹತ್ತಿಸಿದಳು. ನಾನು ರಸ್ತೆ ದಾಟಿ ಕುಮಟಾ ಬಸ್ಸಿಗೆ ಕಾಯುತ್ತ ನಿಂತೆ.