ಮಳೆಗೂ ಮೊದಲೇ ತಾರಸಿಗೆ ನೀರು ಹೊಯ್ಯುವ ಫಿಡೆಲಿಸ್

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಮುಂಜಾನೆಯ ಬಾಂಗ್ ಆಗಷ್ಟೇ ಮುಗಿದಿದೆ. ಒಂದು ವಿಲ್ಲಾದ ತಾರಸಿ ಮೇಲೆ ಫಿಡೆಲಿಸ್ ಡಿಮೆಲ್ಲೊ ಬಕೆಟ್ ನೀರು ಚೆಲ್ಲಿ, ಕುಕ್ಕರುಗಾಲಲ್ಲಿ ಅದರ ಹಿಂದೆಯೇ ಸಾಗುತ್ತಾರೆ. ನೀರು ನಿಂತಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ.

“ಬಿಸಿಲು ಏರಿದ್ರೆ ಮುಗೀತು ಮಾರಾಯ್ರೆ, ಚೆಲ್ಲಿದ ನೀರು ಆಗ್ಲೇ ಮಾಯ. ಹೊಂಡ ಎಲ್ಲುಂಟು ಅಂತ ಮತ್ತೆ ಯಾರನ್ನು ಕೇಳೋದು?”

ಶಿರ್ವದ ಫಿಡೆಲಿಸ್‌ಗೆ ಈಗ ಐವತ್ತೇಳು. ಗಾರೆಯವರ ಕೈಯಾಳಾಗಿ ಬಂದವರು ತಾರಸಿ ಕೆಲಸಕ್ಕೆ ಇಳಿದು ಇಪ್ಪತ್ತೆಂಟು ವರ್ಷ. ನೀರು ಸೋರದಂತೆ ಡಾಂಬರಿನ ಹಾಳೆಯನ್ನು ಗ್ಯಾಸ್ ಬೆಂಕಿಗೆ ಕಾಯಿಸಿ ಅಂಟಿಸುವ ಕೆಲಸ ಅದು. ಎಡತೋಳಿನ ಮೇಲೆ ಅದರ ಸುಟ್ಟ ಗುರುತು ಇದೆ. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಹಾಗಾಗಿ ಸೆಪ್ಟೆಂಬರ್‌ನಿಂದ ನವೆಂಬರ್ ಮುಗಿಯುವುದರೊಳಗೆ ನಲವತ್ತೆರಡು ವಿಲ್ಲಾಗಳ ತಾರಸಿ, ಗೋಡೆಯ ಬಿರುಕು, ಕಿಟಕಿಯ ಸಂದು ಎಲ್ಲವೂ ಆಗಬೇಕು. ಬೇಸಿಗೆಯಿಡೀ ಹಾರಿ ಬಂದ ಮರಳು ಪ್ರತಿ ತಾರಸಿಯ ನೀರು ಇಳಿಯುವ ಕೊಳವೆಯಲ್ಲೂ ಕೂತಿರುತ್ತದೆ. “ಒಣಗಿದ್ರೆ ಹಿಟ್ಟು, ಒದ್ದೆಯಾದ್ರೆ ಕಾಂಕ್ರೀಟು” ಎನ್ನುತ್ತಾ ಅವರು ಕೊಳವೆಯೊಳಗೆ ಮೊಣಕೈವರೆಗೂ ಕೈ ಹಾಕುತ್ತಾರೆ.

ಇಂಥವರಿಗೂ ಒಂದು ಮನೆ ಕೈಕೊಟ್ಟಿದೆ. ಅದು ಹದಿನೇಳನೇ ನಂಬರಿನ ವಿಲ್ಲಾ. ಮೈಸೂರು ಕಡೆಯ ನಿರಂಜನ ಅವರ ಸಂಸಾರ ಅಲ್ಲಿದೆ. ಹೋದ ಜನವರಿಯ ಮಳೆಗೆ ಅವರ ಎಂಟು ವರ್ಷದ ಮಗಳು ಹಿತಾಳ ಮಂಚದ ಮೇಲೆ ಸೀಲಿಂಗಿನ ಗಾರೆ ಕಳಚಿ ಬಿತ್ತು. ಪುಣ್ಯಕ್ಕೆ ಅವಳು ಶಾಲೆಗೆ ಹೋಗಿದ್ದಳು. ಅಂದಿನಿಂದ ಆ ಹುಡುಗಿ ಆ ಕೋಣೆಯಲ್ಲಿ ಮಲಗಿಲ್ಲ. ಹಾಲ್‌ನ ಸೋಫಾದಲ್ಲೇ ನಿದ್ದೆ.

ಆ ಮಳೆಗೆ ಮುಂಚೆ, ಫಿಡೆಲಿಸ್ ತಾರಸಿ ಮುಗಿಸಿದ ಒಂದೇ ವಾರಕ್ಕೆ ಯಾರೋ ಟಿವಿ ಡಿಶ್ ಕೂರಿಸಲು ಬಂದು ಡಾಂಬರಿನ ಹಾಳೆಗೇ ನಾಲ್ಕು ಸ್ಕ್ರೂ ಕೊರೆದಿದ್ದರು; ನೀರು ಇಳಿದದ್ದು ಅಲ್ಲಿಂದಲೇ. “ನಾನು ಸೀರಿಯಲ್ ನೋಡ್ಲಿ ಅಂತ ಹಾಕ್ಸಿದ್ದು ಕಣಪ್ಪ. ನನ್ನಿಂದ ಮಗೂಗೆ ಕೋಣೆ ತಪ್ಪೋಯ್ತು” ಎಂದು ಅಜ್ಜಿ ಚೆಲುವಮ್ಮ ಇವತ್ತಿಗೂ ಕೊರಗುತ್ತಾರೆ. ಫಿಡೆಲಿಸ್ ಒಪ್ಪುವುದಿಲ್ಲ. “ನಿಮ್ದೆಂಥ ತಪ್ಪು ಅಮ್ಮ? ಜನ ಡಿಶ್ ಹಾಕ್ತಾರೆ ಅಂತ ನಂಗೆ ಗೊತ್ತಿರ್ಬೇಕಿತ್ತು.” ಈ ವರ್ಷ ಅವರು ಪ್ರತಿ ತಾರಸಿಯಲ್ಲೂ ಮೊಣಕಾಲೆತ್ತರದ ಸಿಮೆಂಟ್ ಕಟ್ಟೆ ಕಟ್ಟಿದ್ದಾರೆ. ಡಿಶ್‌ನ ಸ್ಕ್ರೂ ಏನಿದ್ದರೂ ಅದಕ್ಕೇ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ.

ನವೆಂಬರ್‌ನಲ್ಲಿ ಹಿತಾಳ ಕೋಣೆಯ ಮೇಲಿನ ತಾರಸಿಯಲ್ಲಿ, ಸೋರುತ್ತದೋ ಎಂದು ನೋಡಲು, ಕೊಳವೆಗಳನ್ನು ಮುಚ್ಚಿ ಎರಡಂಗುಲ ನೀರು ನಿಲ್ಲಿಸಿದರು. ಒಂದು ದಿನ ಸಾಕು, ಖಲಾಸ್ ಮಾಡಿ ಎಂದಿತು ವಿಲ್ಲಾಗಳನ್ನು ನೋಡಿಕೊಳ್ಳುವ ಕಂಪನಿಯ ಆಫೀಸು. “ಎರಡು ದಿನ ಬೇಕೇ ಬೇಕು. ಬೇಗ ಬೇಕಾದ್ರೆ ಬೇರೆಯವರನ್ನು ಕರೀರಿ” ಎಂದರು ಇವರು. ಆಮೇಲೆ ಟಾರ್ಚ್ ಹಿಡಿದು ಕೋಣೆಯ ನೆಲದ ಮೇಲೆ ಅಂಗಾತ ಮಲಗಿದರು.

“ನೋಡಿ, ನಮ್ಮ ಫಿಡೆಲಿಸಣ್ಣನಿಗೆ ಈಗ ಮಲಗ್ಲಿಕ್ಕೂ ಸಂಬಳ!” ಎಂದು ಜೊತೆಗಾರ ಇಸ್ಮಾಯಿಲ್ ಛೇಡಿಸಿದರು.

ಬಾಗಿಲಲ್ಲೇ ನಿಂತಿದ್ದ ಹಿತಾ ಒಳಗೆ ಕಾಲಿಡಲಿಲ್ಲ. “ಅಂಕಲ್, ಆರ್ ಯೂ ಶೂರ್?”

“ಶೂರ್ ಅಂತ ನಾನು ಹೇಳೋದಲ್ಲ ಮಗಾ. ಎರಡು ದಿನ ಬಿಟ್ಟು ನೀನೇ ಮುಟ್ಟಿ ಹೇಳು.”

ಎರಡನೇ ಸಂಜೆ ಏಣಿ ಹಾಕಿಸಿ, ಇಸ್ಮಾಯಿಲ್ ಅದನ್ನು ಹಿಡಿದುಕೊಂಡಿರುವಂತೆಯೇ ಅವಳನ್ನು ಹತ್ತಿಸಿದರು. ಏಣಿ ಸರಿಸಿದಂತೆಲ್ಲ ಅವಳು ಸೀಲಿಂಗನ್ನು ಮೂಲೆಯಿಂದ ಮೂಲೆಗೆ ಸವರಿ, ಅಂಗೈ ತಿರುಗಿಸಿ ನೋಡಿಕೊಂಡಳು. “ಡ್ರೈ” ಎಂದಳು, ತುಸು ಅನುಮಾನದಲ್ಲೇ. ಅವಳ ಮಂಚ ಮತ್ತೆ ಕೋಣೆಯೊಳಗೆ ಬಂತು.

ಕಳೆದ ವಾರ ಬೆಳಗಿನ ಜಾವ ಮಳೆ ಹೊಡೆಯಿತು. ರಸ್ತೆಯ ತುಂಬ ನೀರು. ಫಿಡೆಲಿಸ್ ಪ್ಯಾಂಟು ಮಡಚಿಕೊಂಡು ನೇರ ಹದಿನೇಳನೇ ನಂಬರಿಗೆ ನಡೆದರು. ಬಾಗಿಲು ತೆರೆದದ್ದು ಹಿತಾ. ತಲೆ ಬಾಚಿಲ್ಲ, ಮುಖ ಊದಿಕೊಂಡಿದೆ. ಇವರು ಅವಳ ತಲೆಯ ಮೇಲಿಂದ ಕೋಣೆಯತ್ತ ಇಣುಕಿದರು.

“ಅಂಕಲ್, ಇಷ್ಟೊಂದು ಮಳೆ ಬಂದಿದೆ, ನೋ ಒನ್ ವೋಕ್ ಮೀ ಅಪ್! ಐ ಮಿಸ್ಡ್ ಎವ್ರಿಥಿಂಗ್!”

ಈ ಮಾತನ್ನು ಫಿಡೆಲಿಸ್ ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ. “ಇಪ್ಪತ್ತೆಂಟು ವರ್ಷದಲ್ಲಿ ಕಂಪ್ಲೇಂಟ್ ಎಷ್ಟೋ ಬಂದಿದೆ ಮಾರಾಯ್ರೆ. ಇಂಥದ್ದು ಇದೇ ಮೊದಲು.”